ಹೊಸ ಟ್ರ್ಯಾಕ್ಟರಿನ ಹಲ್ಲನ್ನೂ ನೋಡಿ ಕೊಳ್ಳಿರಿ

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಿದ್ದರು. ಸಾಧ್ಯವಾದರೆ ನೊಗಕ್ಕೆ ಹೂಡಿ ಒಂದೆರಡು ಸಾಲು ಹೊಡೆಸಿದ ಮೇಲೆಯೇ ಹಣ ಎಣಿಸುತ್ತಿದ್ದರು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ತೆತ್ತು, ಅದರಲ್ಲಿ ಬಹುಪಾಲನ್ನು ಸಾಲವಾಗಿ ತಂದು, ಟ್ರ್ಯಾಕ್ಟರು ಕೊಳ್ಳುವ ನಾವು ಮಾಡುವುದೇನು? ಅಂಗಡಿಯ ಮುಂದೆ ಹಾರ ಹಾಕಿ, ಕಾಯಿ ಒಡೆದು, ಗಾಲಿಯಡಿ ನಿಂಬೆಹಣ್ಣು ಇಟ್ಟು ಮನೆಗೆ ತರುತ್ತೇವೆ. ಟ್ರ್ಯಾಕ್ಟರಿಗೂ ಹಲ್ಲುಗಳಿವೆ. ಅವು ಗೇರ್ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಅವುಗಳ ಸ್ಥಿತಿ ಕೈಗೆ ತಿಳಿಯುತ್ತದೆ, ಕಿವಿಗೆ ಕೇಳುತ್ತದೆ.

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹೊಸ ಟ್ರ್ಯಾಕ್ಟರು ಕೊಳ್ಳುವ ಯೋಚನೆಯಲ್ಲಿರುವ ಮಸ್ಕಿ, ಸಿಂಧನೂರು, ಲಿಂಗಸುಗೂರು ಭಾಗದ ರೈತ ಬಾಂಧವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹೊಸ ಟ್ರ್ಯಾಕ್ಟರಿನ ಗೇರು ಒರಟಾಗಿ ಬೀಳುತ್ತಿದ್ದರೆ ಅದನ್ನು ಸಹಿಸಿಕೊಳ್ಳಬೇಡಿರಿ. ಕಾರಣವನ್ನು ಮೊದಲ 50 ಗಂಟೆಗಳಲ್ಲಿಯೇ ಪತ್ತೆ ಹಚ್ಚಿಸಿ, ಕಾಗದದ ಮೇಲೆ ಬರೆಯಿಸಿಕೊಳ್ಳಿರಿ.

ನಮ್ಮ ಮನೆಯ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಹೊಸ ಟ್ರ್ಯಾಕ್ಟರು ಬಂದಿತು. ಮೂವತ್ತು ಗಂಟೆ ಓಡುವಷ್ಟರಲ್ಲಿಯೇ ಎರಡನೆಯ ಗೇರಿನಿಂದ ರಿವರ್ಸಿಗೆ ಹಾಕುವಾಗ 'ಕರ್ರ್' ಎಂಬ ಸದ್ದು ಬರತೊಡಗಿತು. ತಮ್ಮನು ಡೀಲರರ ಬಳಿಗೆ ಹೋಗಿ ತಿಳಿಸಿದ. ಅಲ್ಲಿಯ ಮೆಕ್ಯಾನಿಕ್ ಕುಳಿತು ಒಂದು ಸುತ್ತು ಓಡಿಸಿ, "ಹೊಸಾದು ಐತ್ರಿ ಅಣ್ಣಾರ, ಓಡಿದಂಗ ಸಾಫ್ ಆಗ್ತೈತಿ" ಎಂದು ಹೇಳಿ ಕಳುಹಿಸಿದ. ನಾವೂ ನಂಬಿದೆವು. ಜಾಬ್ ಕಾರ್ಡ್ ಕೇಳಲಿಲ್ಲ.

ಕಾಲುವೆಗೆ ನೀರು ಬಂದು ಗದ್ದೆ ಕೆಸರು ಮಾಡುವ ಕೆಲಸ ಅರ್ಧಕ್ಕೆ ಬಂದಾಗ ರಿವರ್ಸ್ ಗೇರು ಬೀಳುವುದೇ ನಿಂತುಹೋಯಿತು. ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿ ಬಿಚ್ಚಿದಾಗ ಗೇರು ತಳ್ಳುವ ಫೋರ್ಕ್ ಬಾಗಿತ್ತು, ಹಲ್ಲುಗಳ ಅಂಚು ಅಗಿದಂತಾಗಿತ್ತು. ಒಂಬತ್ತು ದಿನ ಯಂತ್ರ ಅಂಗಡಿಯಲ್ಲಿಯೇ ನಿಂತಿತು. ಸಸಿ ಮಡಿಯಲ್ಲಿ ಬಲಿಯತೊಡಗಿದ್ದರಿಂದ ಬಾಡಿಗೆ ಟ್ರ್ಯಾಕ್ಟರು ತಂದು ನಾಟಿ ಮುಗಿಸಿದೆವು. ಸಾಲದ ಕಂತು ಮಾತ್ರ ಕಾಯಲಿಲ್ಲ.

ಫೋರ್ಕ್ ಕಾರ್ಖಾನೆಯಿಂದಲೇ ಬಾಗಿ ಬಂದಿತ್ತೇ ಅಥವಾ ನಮ್ಮ ಕೈಯಲ್ಲಿ ಬಾಗಿತೇ? "ಡ್ರೈವರನ ತಪ್ಪು" ಎಂದರು ಅವರು. "ಮೊದಲೇ ಹೇಳಿದ್ದೆವು" ಎಂದೆವು ನಾವು. ಹೇಳಿದ್ದಕ್ಕೆ ಒಂದು ಚೀಟಿಯೂ ನಮ್ಮಲ್ಲಿರಲಿಲ್ಲ. ನ್ಯಾಯವಾಗಿ ಹೇಳುವುದಾದರೆ, ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡಿರುವ ಅಭ್ಯಾಸ ನನ್ನ ತಮ್ಮನಿಗೂ ಇತ್ತು. ಆದಕಾರಣ ಅರ್ಧ ಖರ್ಚು ನಾವೇ ಹೊತ್ತೆವು. ಈ ಲೇಖನ ಬರೆಯಲು ಆ ಒಂಬತ್ತು ದಿನಗಳೇ ಕಾರಣ.

'ಓಡಿದಂತೆ ಸರಿಹೋಗುತ್ತದೆ' - ಎಷ್ಟು ನಿಜ?

ಈ ಮಾತು ಅರ್ಧ ನಿಜ. ಹೊಸ ಯಂತ್ರದ ಭಾಗಗಳು ಒಂದಕ್ಕೊಂದು ಉಜ್ಜಿ ನಯವಾಗಲು ಕೆಲವು ಗಂಟೆಗಳು ಬೇಕು. ಲಿವರು ಸ್ವಲ್ಪ ಬಿಗಿಯಾಗಿದ್ದರೆ ಅದು ಸಡಿಲವಾಗಬಹುದು. ಮೊದಲ ಸರ್ವೀಸಿನಲ್ಲಿ ಫಿಲ್ಟರನ್ನೂ, ಕೈಪಿಡಿ ಹೇಳಿದಲ್ಲಿ ಎಣ್ಣೆಯನ್ನೂ ಬದಲಿಸುವುದು ಹೀಗೆ ಉದುರಿದ ನುಣ್ಣನೆಯ ಪುಡಿಯನ್ನು ಹೊರಹಾಕುವುದಕ್ಕಾಗಿಯೇ.

ಆದರೆ ಬಿಗಿ ಬೇರೆ, ಕರ್ರೆನ್ನುವುದು ಬೇರೆ. ಹಲ್ಲಿಗೆ ಹಲ್ಲು ತಾಗಿ ಸದ್ದು ಬಂದಾಗಲೆಲ್ಲ ಅಂಚಿನಿಂದ ಉಕ್ಕಿನ ಚೂರು ಏಳುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಪೆಟ್ಟಿಗೆ, ಹೈಡ್ರಾಲಿಕ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಒಂದೇ ಎಣ್ಣೆ. ಗೇರಿನ ಚೂರು ಆ ಎಣ್ಣೆಯೊಡನೆ ಸುತ್ತಾಡಿ ಬೇರಿಂಗನ್ನೂ ಹೈಡ್ರಾಲಿಕ್ ಪಂಪನ್ನೂ ಕೆಡಿಸಬಲ್ಲದು. ಇದು ಓಡಿದಂತೆ ಹೆಚ್ಚುವ ರೋಗವೇ ಹೊರತು ವಾಸಿಯಾಗುವ ರೋಗವಲ್ಲ.

ನಮ್ಮ ಭಾಗದಲ್ಲಿ ಇದರ ಪೆಟ್ಟು ಹೆಚ್ಚು. ಒಣ ಹೊಲದಲ್ಲಿ ತೊಗರಿಗೋ ಜೋಳಕ್ಕೋ ಹರಗುವಾಗ ಉದ್ದನೆಯ ಸಾಲು ಹೊಡೆದು ತುದಿಯಲ್ಲೊಮ್ಮೆ ತಿರುಗಿದರೆ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ಹಾಗಲ್ಲ. ಎರೆ ಮಣ್ಣಿನ ಕೆಸರಿನಲ್ಲಿ, ಕಬ್ಬಿಣದ ಗಾಲಿ ಕಟ್ಟಿಕೊಂಡು, ಪ್ರತಿ ಬದುವಿನ ಬಳಿಯೂ ಹಿಂದೆ ಮುಂದೆ ಮಾಡಬೇಕು. ಒಂದು ದಿನದಲ್ಲಿ ನೂರಾರು ಸಲ ಗೇರು ಬದಲಾಗುತ್ತದೆ. ಸಣ್ಣ ದೋಷ ದೊಡ್ಡದಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ದೋಷ ಯಾರದು? ಮನೆಯಲ್ಲಿಯೇ ನೋಡುವ ಬಗೆ

ಗೇರು ಒರಟಾಗಲು ಕಾರಣ ಮೂರರಲ್ಲೊಂದು: ನಡೆಸುವವನ ಕೈಕಾಲು, ಹೊಂದಾಣಿಕೆ ಮತ್ತು ಎಣ್ಣೆ, ಇಲ್ಲವೇ ಯಂತ್ರದ ಒಳಗಿನ ದೋಷ. ಕೆಳಗಿನ ಪರೀಕ್ಷೆಗಳನ್ನು ಸಮತಟ್ಟಾದ ಜಾಗದಲ್ಲಿ ಯಾರಾದರೂ ಮಾಡಬಹುದು.

1. ಇಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಪ್ರತಿಯೊಂದು ಗೇರನ್ನೂ ಹಾಕಿ ನೋಡಿರಿ. ಹಲ್ಲಿಗೆ ಹಲ್ಲು ಎದುರಾಗಿ ತಡೆದರೆ ಟ್ರ್ಯಾಕ್ಟರನ್ನು ಸ್ವಲ್ಪ ಜರುಗಿಸಿ ಮತ್ತೆ ಹಾಕಿರಿ. ಆಗಲೂ ಬಿಗಿಯಾಗಿದ್ದರೆ ದೋಷ ಲಿವರಿನಲ್ಲಿ ಅಥವಾ ಒಳಗಿನ ಫೋರ್ಕಿನಲ್ಲಿರುವ ಸಂಭವವಿದೆ.

2. ಇಂಜಿನ್ ಹಚ್ಚಿ ನಿಧಾನ ವೇಗದಲ್ಲಿಡಿರಿ. ಟ್ರ್ಯಾಕ್ಟರು ಪೂರ್ತಿ ನಿಂತಿರಲಿ. ಕ್ಲಚ್ಚನ್ನು ತಳದವರೆಗೆ ಒತ್ತಿ, ಮನಸ್ಸಿನಲ್ಲಿಯೇ ಮೂರು ಎಣಿಸಿ, ಆಮೇಲೆ ಗೇರು ಹಾಕಿರಿ. ಸದ್ದು ಬರದಿದ್ದರೆ ಮೊದಲು ಬರುತ್ತಿದ್ದ ಸದ್ದಿಗೆ ಅವಸರವೇ ಕಾರಣವಿರಬಹುದು. ಕಾದರೂ ಕರ್ರೆಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬೇಕು. ಪೆಡಲಿನ ಖಾಲಿ ಚಲನೆ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ಮೊದಲು ಅಳೆಯಿರಿ.

3. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಎರಡು ಗಂಟೆ ದುಡಿದು ಬಿಸಿಯಾದ ಮೇಲೆ ಒಮ್ಮೆ ನೋಡಿರಿ. ಒಂದೇ ಗೇರಿನಲ್ಲಿ ಸದ್ದು ಬಂದರೆ, ಅಥವಾ ಭಾರ ಎಳೆಯುವಾಗ ಗೇರು ತಾನಾಗಿ ಹೊರಬಿದ್ದರೆ, ಅದನ್ನು ಡ್ರೈವರನ ತಲೆಗೆ ಕಟ್ಟುವುದು ಕಷ್ಟ. ಒಳಗೆ ನೋಡಲೇಬೇಕು.

4. ಎಣ್ಣೆಯ ಕಡ್ಡಿ ತೆಗೆದು ಮಟ್ಟವನ್ನೂ ಬಣ್ಣವನ್ನೂ ನೋಡಿರಿ. ಹಾಲಿನಂತೆ ಬೆಳ್ಳಗಾಗಿದ್ದರೆ ಕೆಸರಿನ ನೀರು ಒಳಗೆ ಹೋಗಿದೆ. ಎಣ್ಣೆ ಬದಲಿಸುವಾಗ ಅಯಸ್ಕಾಂತದ ಬೋಲ್ಟಿಗೆ ಅಂಟಿದ್ದನ್ನು ಬೆರಳಲ್ಲಿ ತಿಕ್ಕಿರಿ. ನುಣ್ಣನೆಯ ಮಸಿಯಂತಿದ್ದರೆ ಚಿಂತೆಯಿಲ್ಲ. ಚೂರು ಸಿಕ್ಕರೆ ಅದನ್ನು ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿರಿ.

ನಮ್ಮ ಕಡೆಯ ಇನ್ನೊಂದು ರೂಢಿಯನ್ನು ಇಲ್ಲಿ ಹೇಳಬೇಕು. ಹೈಡ್ರಾಲಿಕ್ ಟ್ರಾಲಿಯನ್ನು ಒಬ್ಬರಿಂದೊಬ್ಬರು ಕಡ ತರುತ್ತೇವೆ. ಪೈಪು ಜೋಡಿಸಿದೊಡನೆ ಆ ಟ್ರಾಲಿಯ ಜಾಕಿನಲ್ಲಿದ್ದ ಹಳೆಯ ಎಣ್ಣೆ, ಧೂಳು, ನೀರು ನಮ್ಮ ಟ್ರ್ಯಾಕ್ಟರಿಗೆ ಬರುತ್ತವೆ. ಪೈಪಿನ ಬಾಯಿಯನ್ನು ಒರೆಸದೆ ಜೋಡಿಸಬಾರದು. ಕೈಪಿಡಿ ಹೇಳಿದ ಎಣ್ಣೆ ಸಿಗಲಿಲ್ಲವೆಂದು ಇಂಜಿನ್ ಆಯಿಲ್ ಸುರಿಯಲೂಬಾರದು.

ನಡೆಸುವವರಿಗೂ ಒಂದು ಮಾತು. ಹಳೆಯ ಮಾದರಿಯ ಗೇರುಗಳಲ್ಲಿ ಹಲ್ಲಿನ ಚಕ್ರವೇ ಸರಿದು ಇನ್ನೊಂದರೊಡನೆ ಕೂಡುತ್ತದೆ. ಟ್ರ್ಯಾಕ್ಟರು ನಿಲ್ಲದೆ ಹಾಕಿದರೆ ಎಂಥ ಹೊಸ ಯಂತ್ರವೂ ಅರಚುತ್ತದೆ. ಸಿಂಕ್ರೋಮೆಶ್ ಇರುವ ಗೇರಿನಲ್ಲಿ ಎರಡೂ ಕಡೆಯ ವೇಗವನ್ನು ಮೊದಲು ಸರಿದೂಗಿಸುವ ಏರ್ಪಾಡಿರುವುದರಿಂದ ಓಡುವಾಗಲೂ ಹಾಕಬಹುದು. ನಮ್ಮದು ಯಾವ ಬಗೆಯದು, ಯಾವ ಲಿವರಿಗೆ ಸಿಂಕ್ರೋಮೆಶ್ ಇದೆ ಎಂಬುದನ್ನು ಡ್ರೈವರನಿಗೆ ಮೊದಲ ದಿನವೇ ತಿಳಿಸಬೇಕು. ಡೀಲರರು "ಡ್ರೈವರನ ತಪ್ಪು" ಎನ್ನುವುದರಲ್ಲಿ ಕೆಲವೊಮ್ಮೆ ಹುರುಳಿದೆ. ಆ ಮಾತಿಗೆ ಆಸ್ಪದವಿಲ್ಲದಂತೆ ನಡೆದುಕೊಳ್ಳುವುದು ನಮ್ಮ ಕೈಯಲ್ಲಿದೆ.

ತಾನೇ ಬದಲಾಗುವ ಗೇರುಗಳು

ಈಗ ಕ್ಲಚ್ ಒತ್ತದೆ ಹಿಂದೆ ಮುಂದೆ ಮಾಡುವ ಪವರ್ ಶಟಲ್ ಟ್ರ್ಯಾಕ್ಟರುಗಳು, ಎಣ್ಣೆಯ ಒತ್ತಡದಿಂದಲೇ ಚಲಿಸುವ ಭತ್ತ ಕೊಯ್ಯುವ ಯಂತ್ರಗಳು, ಆಟೋಮ್ಯಾಟಿಕ್ ಗೇರಿನ ಕಾರುಗಳು ಹಳ್ಳಿಗಳಿಗೂ ಬರುತ್ತಿವೆ. ಇವುಗಳಲ್ಲಿ ಒರಟುತನ ಕಂಡರೆ ಕಾರಣ ಎಣ್ಣೆಯ ಮಟ್ಟ, ಎಣ್ಣೆಯ ಜಾತಿ, ಒತ್ತಡದ ವಾಲ್ವು, ವೈರು ಅಥವಾ ಕಂಪ್ಯೂಟರಿನ ಹೊಂದಾಣಿಕೆ ಇರಬಹುದು. ಎ.ಎಂ.ಟಿ. ಎಂಬ ಅಗ್ಗದ ಆಟೋಮ್ಯಾಟಿಕ್ ಗೇರಿನ ಕಾರಿನಲ್ಲಿ ಸಾಮಾನ್ಯ ಗೇರ್ ಪೆಟ್ಟಿಗೆಯನ್ನೇ ಯಂತ್ರವು ನಮ್ಮ ಬದಲು ಬದಲಿಸುತ್ತದೆ. ಗೇರು ಬದಲಾಗುವಾಗ ಕಾರು ಸ್ವಲ್ಪ ತಡೆದು ತೂಗುವುದು ಅದರ ಗುಣ. ಗುದ್ದಿದಂತೆ ಜಗ್ಗುವುದು ದೋಷ. ಇಂಥ ಯಂತ್ರಗಳನ್ನು ಊರ ಮೆಕ್ಯಾನಿಕನಿಂದ ಬಿಚ್ಚಿಸಬಾರದು. ಡೀಲರರು ಕಂಪ್ಯೂಟರ್ ಜೋಡಿಸಿ ನೋಡಿದಾಗ ಏನು ಕಂಡಿತು, ಏನು ಸರಿಪಡಿಸಿದರು ಎಂಬುದನ್ನು ದಿನಾಂಕದೊಡನೆ ಬರೆಯಿಸಿಕೊಳ್ಳಬೇಕು.

ಕಾಗದವೇ ಸಾಕ್ಷಿ

ವಾರಂಟಿಯು ಸಾಮಾನ್ಯವಾಗಿ ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅಷ್ಟಕ್ಕೆ ಇರುತ್ತದೆ. ಎರಡು ಹಂಗಾಮಿನ ಭತ್ತದ ಜೊತೆಗೆ ಬಾಡಿಗೆಗೂ ದುಡಿಯುವ ಟ್ರ್ಯಾಕ್ಟರಿಗೆ ಗಂಟೆಗಳು ಬಹುಬೇಗ ತುಂಬುತ್ತವೆ. ದೂರು ಕೊಟ್ಟಾಗಲೆಲ್ಲ ಜಾಬ್ ಕಾರ್ಡಿನಲ್ಲಿ ದಿನಾಂಕ, ಗಂಟೆಯ ಮೀಟರಿನ ಅಂಕಿ ಮತ್ತು ನಾವು ಹೇಳಿದ ದೋಷ, ಈ ಮೂರನ್ನೂ ನಮ್ಮ ಮಾತಿನಲ್ಲಿಯೇ ಬರೆಯಿಸಬೇಕು. 'ಸಾಮಾನ್ಯ ತಪಾಸಣೆ' ಎಂದು ಬರೆದ ಕಾರ್ಡಿಗೆ ಸಹಿ ಹಾಕಬಾರದು.

ಇಷ್ಟಾದರೂ ಕೇಳದಿದ್ದರೆ ಕಾನೂನಿದೆ. ಬೀಜದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರೈತನೂ ಗ್ರಾಹಕನೇ ಎಂದು ತೀರ್ಪಿತ್ತಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡ ಯಂತ್ರವನ್ನು ವ್ಯಾಪಾರದ ಸರಕೆಂದು ತಳ್ಳಿಹಾಕುವಂತಿಲ್ಲ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ ಮಾತ್ರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದುದೂ 1915ರಲ್ಲಿಯೇ. ನಮ್ಮವರಿಗೆ ನೆನಪಿಡಲು ಸುಲಭ. ಆದರೆ ಕಾಗದವಿಲ್ಲದೆ, ತಿಳಿದವರ ಅಭಿಪ್ರಾಯವಿಲ್ಲದೆ ಹೋದವರ ಕೈ ಅಲ್ಲಿಯೂ ಬಲವಾಗುವುದಿಲ್ಲ.

ಆಗಬೇಕಾದುದು

ಮೊದಲನೆಯದಾಗಿ, ಹೊಸ ಟ್ರ್ಯಾಕ್ಟರನ್ನು ರೈತನಿಗೆ ಒಪ್ಪಿಸುವುದು ಹೊಲದಲ್ಲಿ ಆಗಬೇಕು. ರೊಟಾವೇಟರ್ ಕಟ್ಟಿ, ಎಲ್ಲ ಗೇರುಗಳಲ್ಲೂ ಒಂದು ಗಂಟೆ ದುಡಿಸಿ, ನಂತರ ಸಹಿ ಪಡೆಯಲಿ. ಪ್ರಾಮಾಣಿಕ ಡೀಲರರಿಗೆ ಇದರಿಂದ ನಷ್ಟವೇನೂ ಇಲ್ಲ. ನಾಳೆಯ ಜಗಳ ಇಂದೇ ತಪ್ಪುತ್ತದೆ.

ಎರಡನೆಯದಾಗಿ, ಜಾಬ್ ಕಾರ್ಡೂ ವಾರಂಟಿಯ ಷರತ್ತುಗಳೂ ಕನ್ನಡದಲ್ಲಿರಬೇಕು. ಓದಲಾಗದ ಷರತ್ತಿಗೆ ಹೆಬ್ಬೆಟ್ಟು ಒತ್ತಿಸುವ ಕಾಲ ಮುಗಿಯಬೇಕು.

ಮೂರನೆಯದಾಗಿ, ರಾಯಚೂರಿನ ಕೃಷಿ ತಾಂತ್ರಿಕ ಮಹಾವಿದ್ಯಾಲಯದಂಥ ಸಂಸ್ಥೆಗಳು ಅಲ್ಪ ಶುಲ್ಕ ಪಡೆದು ಹೊಸ ಯಂತ್ರಗಳ ತಪಾಸಣೆ ಮಾಡಿ, ಯಾರ ಪಕ್ಷವನ್ನೂ ವಹಿಸದ ವರದಿ ಕೊಡುವ ವ್ಯವಸ್ಥೆ ಬೇಕು. ಮಣ್ಣಿನ ಪರೀಕ್ಷೆಗೆ ಪ್ರಯೋಗಾಲಯವಿರುವಂತೆ ಗೇರಿನ ಪರೀಕ್ಷೆಗೂ ಒಂದು ಜಾಗವಿರಲಿ. ರೈತನ ಮಾತಿಗೂ ಡೀಲರರ ಮಾತಿಗೂ ನಡುವೆ ಇಂದು ಮೂರನೆಯವರ ಮಾತೇ ಇಲ್ಲ.

ಅಲ್ಲಿಯವರೆಗೆ ನಾವೇ ಎಚ್ಚರದಿಂದಿರೋಣ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯು ಟ್ರ್ಯಾಕ್ಟರು ಮಾದರಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸುತ್ತದೆ. ಕೊಳ್ಳಬೇಕೆಂದಿರುವ ಮಾದರಿಯ ವರದಿಯನ್ನು ಡೀಲರರಿಂದ ಕೇಳಿ ಪಡೆಯಿರಿ. ಅದೇ ಮಾದರಿಯನ್ನು ಒಂದು ದಿನ ಬಾಡಿಗೆಗೆ ತಂದು ನಮ್ಮ ಗದ್ದೆಯಲ್ಲಿಯೇ ದುಡಿಸಿ ನೋಡಿರಿ. ಎತ್ತಿನ ಹಲ್ಲು ಎಣಿಸಿ ಕೊಂಡ ಹಿರಿಯರ ಮಕ್ಕಳು ನಾವು. ಕಬ್ಬಿಣದ ಎತ್ತಿನ ಹಲ್ಲು ಸವೆದ ಮೇಲೆ ಹಲುಬುವುದಕ್ಕಿಂತ, ಸದ್ದು ಕೇಳಿದ ಮೊದಲ ದಿನವೇ ಡೀಲರರ ಬಳಿಗೆ ಹೋಗಿ ಒಂದು ಜಾಬ್ ಕಾರ್ಡ್ ಬರೆಯಿಸುವುದು ಲೇಸು.