ಮೇಸ್ತ್ರಿ ಬಿಟ್ಟುಹೋದ ಸಾಮಾನು ಮತ್ತು ನಮ್ಮ ಕೇರಿಯ ಅಂಗಳ



ಸ್ವಲ್ಪ ಉದ್ದ ಇದೆ. ಮನೆ ಕಟ್ಟಿಸ್ತಾ ಇರೋರು ದಯವಿಟ್ಟು ಪೂರ್ತಿ ಓದಿ.

ಮೇಸ್ತ್ರಿ ಕೆಲಸ ಅರ್ಧಕ್ಕೆ ಬಿಟ್ಟು ಹೋಗ್ತಾನೆ, ಸಾಮಾನು ಮಾತ್ರ ನಮ್ಮ ಅಂಗಳದಲ್ಲೇ ಇರುತ್ತೆ. ಸೆಂಟ್ರಿಂಗ್ ಶೀಟು, ಸರ್ವೆ ಕಂಬ, ಜಾಕು, ಬಾಂಡ್ಲಿ, ನೀರಿನ ಡ್ರಮ್ಮು, ಕೆಟ್ಟು ನಿಂತ ಮಿಕ್ಸರ್. ಫೋನ್ ಮಾಡಿದ್ರೆ "ನಾಳೆ ಬರ್ತೀನಿ". ಆ ನಾಳೆ ತಿಂಗಳುಗಟ್ಟಲೆ ಬರಲ್ಲ. ಇದು ಎಲ್ಲರ ಮನೆಯಲ್ಲೂ ಆಗೋದೇ ಅಂತ ನೀವು ಹೇಳಬಹುದು. ಆಗುತ್ತೆ, ಆದರೆ ಎಲ್ಲರಿಗೂ ಒಂದೇ ಥರ ಆಗಲ್ಲ.

ನನ್ನ ಮನೆಯದ್ದನ್ನೇ ಹೇಳ್ತೀನಿ. ಮೋಲ್ಡ್ ಹಾಕಿ, ಶೀಟು ಬಿಚ್ಚಿ, ಗಾರೆ ಕೆಲಸಕ್ಕೆ ಅಂತ ಅಡ್ವಾನ್ಸ್ ತಗೊಂಡು ಹೋದ ಮೇಸ್ತ್ರಿ ಮೂರು ತಿಂಗಳು ಇತ್ತ ತಲೆ ಹಾಕಲಿಲ್ಲ. ಅದೇ ಮೇಸ್ತ್ರಿ ಊರೊಳಗಿನ ಮೇಲ್ಜಾತಿಯವರ ಮನೆಯಲ್ಲಿ ಶೀಟು ಬಿಚ್ಚಿದ ಮಾರನೇ ದಿನವೇ ಟ್ರ್ಯಾಕ್ಟರ್ ತಂದು ಎಲ್ಲ ತುಂಬಿಕೊಂಡು ಹೋಗಿದ್ದ. ನಾನು ಕೇಳಿದ್ದಕ್ಕೆ "ನಿಮ್ಮ ಕೇರೀಲಿ ಜಾಗಕ್ಕೇನು ಬರ ಬಿಡಪ್ಪ, ಇರ್ಲಿ" ಅಂದ. ಜೊತೆಗೆ ಇನ್ನೊಂದು ಮಾತು: "ಒಂದು ಶೀಟು ಕಮ್ಮಿಯಾದ್ರೂ ನಿನ್ನನ್ನೇ ಕೇಳೋದು."

ಈ ಎರಡು ಮಾತಲ್ಲಿ ಎಲ್ಲಾ ಬಂತು. ನಮ್ಮ ಅಂಗಳ ಬಾಡಿಗೆಯಿಲ್ಲದ ಗೋಡೌನು. ನಾವು ಸಂಬಳವಿಲ್ಲದ ಕಾವಲುಗಾರರು. ಏನಾದ್ರೂ ಕಳೆದುಹೋದ್ರೆ ಮೊದಲ ಕಳ್ಳರೂ ನಾವೇ.

ಮಳೆ ಬಂದು ಡ್ರಮ್ಮಲ್ಲಿ ನೀರು ನಿಂತರೆ ಸೊಳ್ಳೆ ಯಾರ ಮನೆಗೆ? ಡೆಂಗಿ ಸೊಳ್ಳೆ ಹುಟ್ಟೋದೇ ಇಂಥ ನಿಂತ ನೀರಲ್ಲಿ. ತುಕ್ಕು ಹಿಡಿದ ಶೀಟಿನ ಅಂಚು ತಗುಲಿ ಕೊಯ್ಯೋದು ಯಾರ ಮಕ್ಕಳ ಕಾಲು?

ನಮ್ಮ ಹುಡುಗರಿಗೆ ಸಿಟ್ಟು ಬಂತು. "ಅಣ್ಣ, ಗುಜರಿಗೆ ಹಾಕಿ ಅಡ್ವಾನ್ಸ್ ವಸೂಲಿ ಮಾಡ್ಕೊಳ್ಳೋಣ" ಅಂದ್ರು. ಆ ಸಿಟ್ಟು ನ್ಯಾಯವಾದದ್ದೇ. ಆದರೂ ಬೇಡ ಅಂದೆ. ನಾನು ಹೇಳಬೇಕಾಗಿರೋದೂ ಇದನ್ನೇ: ಅವನ ಸಾಮಾನು ಬೇರೆ ಲೆಕ್ಕ, ನಮ್ಮ ದುಡ್ಡು ಬೇರೆ ಲೆಕ್ಕ. ಎರಡನ್ನೂ ಬೆರೆಸಿದ ದಿನ ನಾವು ಸೋತಂತೆ.

ಯಾಕೆ ಅಂದ್ರೆ, ನಮ್ಮ ಅಂಗಳದಲ್ಲಿ ಬಿದ್ದಿದೆ ಅಂದಮಾತ್ರಕ್ಕೆ ಅದು ನಮ್ಮದಾಗಲ್ಲ. ಬಾಕಿಗೆ ಬದಲಾಗಿ ವಸ್ತು ಹಿಡಿದಿಟ್ಟುಕೊಳ್ಳೋ ಹಕ್ಕು 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್‌ನಲ್ಲಿ ಇದೆ ನಿಜ. ಅದು ಆ ವಸ್ತುವಿನ ಮೇಲೇ ಕೆಲಸ ಮಾಡಿದವನಿಗೆ ಮಾತ್ರ. ಗಡಿಯಾರ ರಿಪೇರಿ ಮಾಡಿದವನು ಕೂಲಿ ಕೊಡೋ ತನಕ ಗಡಿಯಾರ ಇಟ್ಕೋಬಹುದು. ಮಿಕ್ಸರ್ ಮೇಲೆ ನಾವೇನೂ ಕೆಲಸ ಮಾಡಿಲ್ಲವಲ್ಲ. ಮಾರಿಬಿಟ್ರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್, ಅಂದ್ರೆ ಬೇರೆಯವರ ಸ್ವತ್ತನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡ ಅಪರಾಧ ಹಾಕಬಹುದು. ಶಿಕ್ಷೆ 6 ತಿಂಗಳಿಂದ 2 ವರ್ಷ, ಜೊತೆಗೆ ದಂಡ. ಶೀಟು ಎಷ್ಟೋ ಸಲ ಮೇಸ್ತ್ರಿಯದ್ದೂ ಆಗಿರಲ್ಲ, ಅಂಗಡಿಯಿಂದ ದಿನಬಾಡಿಗೆಗೆ ತಂದದ್ದಿರುತ್ತೆ. ಆಗ ಅಂಗಡಿಯವನೂ ಠಾಣೆಗೆ ಬರ್ತಾನೆ. ಊರೊಳಗಿನವರು ಮಾರಿದ್ರೆ ಅದು "ಲೆಕ್ಕದ ತಕರಾರು". ಕೇರಿಯವರು ಮಾರಿದ್ರೆ ಅದು "ಕಳ್ಳತನ". ಇದು ನಮಗೆ ಗೊತ್ತಿಲ್ಲದ್ದೇನಲ್ಲ.

ಹಾಗಾದ್ರೆ ಸುಮ್ಮನೆ ಕಾಯ್ಕೊಂಡು ಕೂರಬೇಕಾ? ಖಂಡಿತ ಇಲ್ಲ. ನಾನು ಆಫೀಸಲ್ಲಿ ಟಪಾಲು ನೋಡೋ ಗುಮಾಸ್ತ. ಬಾಯಿಮಾತಿಗೆ ಎಷ್ಟು ಬೆಲೆ, ಸೀಲು ಬಿದ್ದ ಕಾಗದಕ್ಕೆ ಎಷ್ಟು ಬೆಲೆ ಅಂತ ದಿನಾ ನೋಡ್ತೀನಿ. ನಾನು ಮಾಡಿದ್ದು ಇಷ್ಟು:

1. ಇಬ್ಬರು ಅಕ್ಕಪಕ್ಕದವರನ್ನು ಕರೆದು ಒಂದೊಂದನ್ನೂ ಎಣಿಸಿ ಪಟ್ಟಿ ಮಾಡಿದೆ. ಯಾವುದು ಮುರಿದಿದೆ, ಯಾವುದು ತುಕ್ಕು ಹಿಡಿದಿದೆ ಅಂತಲೂ ಬರೆದೆ. ಅವರ ಸಹಿ, ತಾರೀಖು, ಫೋಟೋ.

2. ಡ್ರಮ್ಮಿನ ನೀರು ಚೆಲ್ಲಿ ಬೋರಲು ಹಾಕಿದೆ. ಶೀಟುಗಳನ್ನು ಒಂದು ಮೂಲೆಗೆ ಜೋಡಿಸಿದೆ. ನಮ್ಮದೇ ವಸ್ತು ಆಗಿದ್ರೆ ಎಷ್ಟು ಜೋಪಾನ ಮಾಡ್ತಿದ್ವೋ ಅಷ್ಟು ಮಾಡಿದ್ರೆ ಸಾಕು.

3. ಪಟ್ಟಿ ಸೇರಿಸಿ ಸ್ಪೀಡ್ ಪೋಸ್ಟಲ್ಲಿ ಪತ್ರ ಹಾಕಿದೆ: 15 ದಿನದೊಳಗೆ ತಗೊಂಡು ಹೋಗಿ, ಬರೋ ಮೊದಲು ಫೋನ್ ಮಾಡಿ. ಅದೇ ಪತ್ರದ ಫೋಟೋ ವಾಟ್ಸಾಪಲ್ಲೂ ಕಳಿಸಿದೆ.

4. ಪ್ರತಿಯನ್ನು ಠಾಣೆಗೂ, ಗ್ರಾಮ ಪಂಚಾಯ್ತಿಗೂ ಕೊಟ್ಟು ಸ್ವೀಕೃತಿ ತಗೊಂಡೆ. "ಇದಕ್ಕೆಲ್ಲ ಯಾಕಪ್ಪ" ಅಂದ್ರು. ಸೀಲು ಹಾಕಿಸಿಕೊಳ್ಳದೆ ನಾನು ಎದ್ದು ಬರಲಿಲ್ಲ.

ಹದಿಮೂರನೇ ದಿನ ಟ್ರ್ಯಾಕ್ಟರ್ ಬಂತು. ಪಟ್ಟಿ ಪ್ರಕಾರ ಎಣಿಸಿ, "ಎಲ್ಲ ತಲುಪಿದೆ" ಅಂತ ಸಹಿ ಮಾಡಿಸಿಕೊಂಡೇ ತುಂಬೋಕೆ ಬಿಟ್ಟೆ. ಈ ಸಹಿಯನ್ನು ಮಾತ್ರ ಯಾರೂ ಮರೀಬೇಡಿ. ನಾಳೆ ಸುಳ್ಳು ಕಳ್ಳತನದ ದೂರು ಕೊಟ್ರೆ ನಮ್ಮ ಕೈಲಿರೋ ಆಯುಧ ಅದೇ. ಪರಿಶಿಷ್ಟರಲ್ಲದವರು ನಮ್ಮ ಮೇಲೆ ಸುಳ್ಳು ಕೇಸು ಹಾಕೋದು, ಅಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟು ಕಿರುಕುಳ ಕೊಡಿಸೋದು ದೌರ್ಜನ್ಯ ತಡೆ ಕಾಯ್ದೆಯ 3(1)(ಪಿ) ಮತ್ತು (ಕ್ಯೂ) ಪ್ರಕಾರ ಅಪರಾಧ. ಆದರೆ ಸುಳ್ಳು ಅಂತ ತೋರಿಸೋಕೆ ಕಾಗದ ಬೇಕಲ್ಲ?

ಅಡ್ವಾನ್ಸ್ ಇನ್ನೂ ಬಂದಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟೋ ಕೆಲಸವೂ ಸೇವೆಯೇ. 2 ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗೆ ಶುಲ್ಕ ಇಲ್ಲ. ವಕೀಲರು ಬೇಕಾದ್ರೆ ಕೋರ್ಟ್ ಆವರಣದಲ್ಲಿರೋ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ ಉಚಿತ. ಸಹಾಯವಾಣಿ 15100.

ಇನ್ನೊಂದು ಮಾತು. ಮೇಸ್ತ್ರಿಯ ಮಿಕ್ಸರ್ ಬೇರೆ, ಗಾರೆಯವನ ಕರಣೆ ಬೇರೆ. ಕೂಲಿಗೆ ಬಂದವನು ಕರಣೆ, ಮಟ್ಟಗೋಲು ಬಿಟ್ಟು ಹೋಗಿದ್ರೆ ಪತ್ರ, ಗಡುವು ಏನೂ ಬೇಡ. ಅವತ್ತೇ ಹುಡುಕಿ ತಲುಪಿಸಿ. ಅದು ಅವನ ನಾಳೆಯ ಅನ್ನ. ಅವನಿಗೂ ಮೇಸ್ತ್ರಿ ಕೂಲಿ ಬಾಕಿ ಇಟ್ಟಿರ್ತಾನೆ. ಬಹಳಷ್ಟು ಸಲ ಅವನೂ ನಮ್ಮವನೇ.

ಮನೆ ಕಟ್ಟಿಸ್ತಿರೋರು ಈಗಲೇ ಕರಾರು ಪತ್ರದಲ್ಲಿ ಒಂದು ಸಾಲು ಸೇರಿಸಿ: "ಕೆಲಸ ನಿಂತ 7 ದಿನದೊಳಗೆ ಸಾಮಾನು ತೆಗೆಯತಕ್ಕದ್ದು." ಕರಾರು ಪತ್ರವೇ ಇಲ್ಲ ಅಂದ್ರೆ 20 ರೂಪಾಯಿ ನೋಟ್‌ಬುಕ್ಕಲ್ಲಾದ್ರೂ ಬರೆದು ಸಹಿ ಹಾಕಿಸಿ. ಕೇಳೋಕೆ ಸಂಕೋಚ ಬೇಡ. ದುಡ್ಡು ನಮ್ಮದು, ಜಾಗ ನಮ್ಮದು.

ಬಾಬಾಸಾಹೇಬರು ನಮ್ಮ ಕೈಗೆ ಪೆನ್ನು ಕೊಟ್ಟು ಹೋಗಿದ್ದಾರೆ. ಪಟ್ಟಿ, ಪತ್ರದ ಮಾದರಿ ಬೇಕಾದವರು ಕಾಮೆಂಟಲ್ಲಿ ತಿಳಿಸಿ, ಕಳಿಸ್ತೀನಿ.

ಜೈ ಭೀಮ್.