ಮಾಳಿಗೆಯ ಮಣ್ಣು, ಪಂಚಮಿಯ ಜೋಕಾಲಿ

ಅಕ್ಕತಂಗಿಯರೇ, ಈ ಸಲ ಅಡುಗೆಮನೆ ಬಿಟ್ಟು ಮಾಳಿಗೆ ಹತ್ತೋಣ ಬನ್ರಿ. ಮಳೆಗಾಲ ಹತ್ತಿರ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಹಳೇ ಮನೆಗಳಲ್ಲಿ ಒಂದೇ ಮಾತು: "ಮಾಳಿಗಿ ಸೋರತೈತಿ, ಒಂದು ಗಾಡಿ ಸವಳು ಮಣ್ಣು ಹಾಕಸ್ರಿ." ನಮ್ಮ ಮನೆಯಲ್ಲೂ ಅತ್ತೆಯವರ ಕಾಲದಿಂದ ಇದೇ ರೂಢಿ. ಹಳೆಯದನ್ನು ಕೆರೆದು ತೆಗೆದವರಿಲ್ಲ, ಮೇಲೆ ಮೇಲೆ ಹಾಕಿದ್ದೇ ಹಾಕಿದ್ದು. ಹೋದ ವರ್ಷ ಬೆಳಕಿಂಡಿ ದುರಸ್ತಿಗೆ ಅಗೆದಾಗ ಅಳತೆ ಹಿಡಿದೆ. ಒಂದೂವರೆ ಅಡಿ ದಪ್ಪ!

ಘನ ಅಡಿ ಮಣ್ಣು ಸುಮಾರು 45 ಕಿಲೋ. 10ಕ್ಕೆ 12 ಅಡಿ ಕೋಣೆಯ ಮೇಲೆ ಒಂದೂವರೆ ಅಡಿ ಎಂದರೆ 80 ಕ್ವಿಂಟಲ್ ಮೀರಿತು. 50 ಕಿಲೋದ 160 ಜೋಳದ ಚೀಲ ತಲೆಯ ಮೇಲಿಟ್ಟುಕೊಂಡು ನಾವು ಮಲಗುತ್ತೇವೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕರ ಸುಮಾರು, ಗಣಪತಿ ಕಳಿಸಿ ಬಂದು ಮಲಗಿದ್ದ ಲಾತೂರು ಜಿಲ್ಲೆಯ ಕಿಲ್ಲಾರಿ ಕಡೆಯ ಜನ ಏಳಲೇ ಇಲ್ಲ. ಸತ್ತವರು 8ರಿಂದ 10 ಸಾವಿರ. ಅಲ್ಲಿಯ ಮನೆಗಳೂ ನಮ್ಮವೇ ತರಹದವು: ಕಲ್ಲು-ಕೆಸರಿನ ದಪ್ಪ ಗೋಡೆ, ತೊಲೆ-ಜಂತಿ, ಮೇಲೆ ಅಡಿಗಟ್ಟಲೆ ಮಣ್ಣು. ತುಂಬಿದ ಕೊಡ ಹೊತ್ತವಳ ಕಾಲು ಎಳೆದರೆ ಏನಾದೀತು? ನೆಲ ಸರಿದಾಗ ಗೋಡೆಯ ಬುಡ ಸರಿಯುತ್ತದೆ, ಮೇಲಿನ ಭಾರ ಇದ್ದಲ್ಲೇ ಇರಲು ಹಟ ಹಿಡಿಯುತ್ತದೆ. ಭಾರ ಹೆಚ್ಚಿದಷ್ಟೂ ಎಳೆತ ಹೆಚ್ಚು. ದಪ್ಪ ಗೋಡೆ ಗಟ್ಟಿ ಅಂತೀವಿ, ಆದರೆ ಒಳಮುಖ, ಹೊರಮುಖ ಬೇರೆ ಬೇರೆ ಕಟ್ಟಿ ನಡುವೆ ಚೂರುಗಲ್ಲು ತುಂಬಿದ ಗೋಡೆ ಹೊಟ್ಟೆ ಬಿರಿದು ಬೀಳುತ್ತದೆ.

ಇನ್ನೊಂದು ಸೋಜಿಗ ಕೇಳ್ರಿ. ಪಂಚಮಿಯಲ್ಲಿ ಗಿಡ್ಡ ಹಗ್ಗದ ಜೋಕಾಲಿ ಸರಸರ ತೂಗುತ್ತದೆ, ಉದ್ದ ಹಗ್ಗದ್ದು ನಿಧಾನ. ಅದರ ಲಯ ಹಿಡಿದು ನೂಕಿದರೆ ಮುಗಿಲು ಮುಟ್ಟುತ್ತದೆ. ಮನೆಗೂ ಲಯವಿದೆ. ನಮ್ಮ ಗಿಡ್ಡ ಮನೆ ಸೆಕೆಂಡಿಗೆ ಹಲವು ಸಲ ಅಲುಗುತ್ತದೆ, ಹತ್ತು ಅಂತಸ್ತಿನದು ಸುಮಾರು ಒಂದು ಸೆಕೆಂಡಿಗೊಮ್ಮೆ. ಹತ್ತಿರದಲ್ಲಿ, ಆಳವಿಲ್ಲದೆ ಎದ್ದ ಭೂಕಂಪದ ನಡುಕ ಚುರುಕು, ಗಿಡ್ಡ ಮನೆಗೆ ಅದೇ ಮೃತ್ಯು. ಚುರುಕು ನಡುಕ ದಾರಿಯಲ್ಲೇ ಸೋಲುತ್ತದೆ, ನಿಧಾನದ್ದು ದೂರ ಹೋಗುತ್ತದೆ. ಆಳವಾದ ಮೆತ್ತನೆ ಮಣ್ಣು ಸಿಕ್ಕರೆ ಅಲ್ಲಿ ಉಬ್ಬುತ್ತದೆ ಬೇರೆ. 1985ರಲ್ಲಿ ಮೆಕ್ಸಿಕೋ ನಗರ ಭೂಕಂಪದ ಮೂಲದಿಂದ 350 ಕಿಲೋಮೀಟರಿಗೂ ದೂರವಿತ್ತು. ಆದರೂ ಹಳೇ ಕೆರೆಯಂಗಳದ ಮೇಲಿದ್ದ 6ರಿಂದ 15 ಅಂತಸ್ತಿನ ಕಟ್ಟಡಗಳೇ ಹೆಚ್ಚು ಉರುಳಿದವು, ಗಿಡ್ಡ ಮನೆಗಳು ಬಹುಪಾಲು ಉಳಿದವು. 2001ರಲ್ಲಿ ಭುಜ್ ಕಡೆ ಭೂಮಿ ನಡುಗಿದಾಗ 200 ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಬಹುಮಹಡಿಗಳು ಕುಸಿದವು. ಕೆಳಗೆ ಗಾಡಿ ನಿಲ್ಲಿಸಲು ಬರೀ ಕಂಬ ಬಿಟ್ಟ ಕಟ್ಟಡಗಳಿಗೆ ಹೆಚ್ಚು ಪೆಟ್ಟು. ಈಗ ನಮ್ಮ ಊರುಗಳಲ್ಲೂ ಹಾಗೇ ಕಟ್ಟಿಸುತ್ತಾರೆ, ನೋಡಿದರೆ ಎದೆ ಝಲ್ಲೆನ್ನುತ್ತದೆ.

ಹೊಸದಾಗಿ ಕಟ್ಟಿಸುವವರು ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಬರುವ ಕಬ್ಬಿಣ-ಕಾಂಕ್ರೀಟಿನ ಪಟ್ಟಿ ಹಾಕಿಸಿರಿ, ಸೀರೆಗೆ ಡಾಬಿನಂತೆ. ಕಲ್ಲಿನ ಗೋಡೆಯಾದರೆ ಎರಡೂ ಮುಖ ಹಿಡಿಯುವ ಉದ್ದ ಕಲ್ಲು ನಡುನಡುವೆ ಇರಲಿ.

ಹಳೇ ಮನೆಗೆ ನಾವು ಮಾಡಿದ್ದು ಇಷ್ಟೆ. "ತಂಪು ಹೋಗತೈತಿ" ಅಂತ ಯಜಮಾನರು ಗೊಣಗಿದರೂ ಬೇಸಿಗೆಯಲ್ಲಿ ಒಂದಡಿ ಮಣ್ಣು ಇಳಿಸಿದೆವು. ಒಂದೇ ಮಗ್ಗುಲಿಂದ ತೆಗೆಯದೆ ಎಲ್ಲ ಕಡೆಯಿಂದ ಪದರ ಪದರವಾಗಿ ತೆಗೆಸಿದೆ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ತೆಳ್ಳಗೆ ಮಣ್ಣು ಹರಡಿಸಿದೆ. ಮೊನ್ನೆಯ ಮಳೆಗೆ ಪಡಸಾಲೆಯಲ್ಲಿ ಪಾತ್ರೆ ಇಡಲಿಲ್ಲ. ಇಳಿಸಿದ ಮಣ್ಣು 14 ಟ್ರ್ಯಾಕ್ಟರ್ ಆಯಿತು. ಅತ್ತೆಯವರು ಎಣಿಸುತ್ತ ಕುಳಿತಿದ್ದರು.