ನೆರೆನಾಡಿನ ಮನೆಯೂ ಒಂದು ಪಾಠಶಾಲೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶವನ್ನು ಬಾಲ್ಯಕ್ಕೂ ದೇಶವನ್ನು ಪ್ರಾಯ ಬಂದ ಮೇಲಿನ ಕಾಲಕ್ಕೂ ಹಂಚಿಬಿಡುವುದು ಸಾಮಾನ್ಯವಾದ ರೂಢಿ. ಯೂರೋಪು ಖಂಡದಲ್ಲಾದರೋ, ಈ ಎರಡನ್ನೂ ಹೈಸ್ಕೂಲಿನ ಹುಡುಗ ಹುಡುಗಿಯರಿಂದ ಒಟ್ಟಿಗೆ ಮಾಡಿಸುವ ಪ್ರಯತ್ನವೊಂದು ಎಪ್ಪತ್ತು ವರ್ಷಗಳಿಂದ ನಡೆದು ಬಂದಿದೆ. ಮಕ್ಕಳುಳ್ಳ ಗೃಹಸ್ಥರೆಲ್ಲರೂ ತಿಳಿಯತಕ್ಕ ವಿಷಯವಾದುದರಿಂದ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಈ ಪ್ರಯತ್ನದ ಬೇರು ಇರುವುದು ದುಃಖದಲ್ಲಿ. ಫ್ರಾನ್ಸೂ ಜರ್ಮನಿಯೂ 1870, 1914, 1939ನೆಯ ಇಸವಿಗಳಲ್ಲಿ, ಎಂದರೆ ಒಂದೇ ಮನುಷ್ಯಾಯುಸ್ಸಿನೊಳಗೆ ಮೂರು ಸಲ ಹೊಡೆದಾಡಿದವು. ಇವೆರಡರ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್ ಪಟ್ಟಣದ ಪಾಡನ್ನು ನೋಡಿರಿ. 1871ರಲ್ಲಿ ಅದು ಜರ್ಮನರ ಕೈ ಸೇರಿತು. 1918ರಲ್ಲಿ ಫ್ರೆಂಚರಿಗೆ ಬಂದಿತು. 1940ರಲ್ಲಿ ಮತ್ತೆ ಜರ್ಮನರಿಗೆ, 1944ರಲ್ಲಿ ಮತ್ತೆ ಫ್ರೆಂಚರಿಗೆ. ಅಲ್ಲಿ ಹುಟ್ಟಿ ಅಲ್ಲಿಯೇ ಮುದುಕಿಯಾದ ಒಬ್ಬ ಹೆಂಗಸು, ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಬಾರಿ ದೇಶ ಬದಲಾಯಿಸಿದಂತಾಯಿತು. ಬಾವುಟ ಬದಲಾದಾಗಲೆಲ್ಲ ಪಾಠಶಾಲೆಯ ಭಾಷೆಯೂ ಬದಲಾಯಿತು. ಅಜ್ಜಿ ಕಲಿತ ಚರಿತ್ರೆ ಒಂದು, ಮೊಮ್ಮಗ ಕಲಿತದ್ದು ಇನ್ನೊಂದು. ಹಗೆತನವನ್ನು ಸೈನಿಕರು ಮಾತ್ರ ಬೆಳೆಸಲಿಲ್ಲ, ಪಠ್ಯಪುಸ್ತಕಗಳೂ ಬೆಳೆಸಿದವು ಎಂಬ ಅರಿವು ಎರಡನೆಯ ಮಹಾಯುದ್ಧದ ತರುವಾಯ ಬಲವಾಯಿತು.

1952ರಲ್ಲಿ ಆರು ರಾಷ್ಟ್ರಗಳು ಕಲ್ಲಿದ್ದಲು ಮತ್ತು ಉಕ್ಕಿನ ವ್ಯವಹಾರವನ್ನು ಒಟ್ಟುಗೂಡಿಸಿ ಲಕ್ಸೆಂಬರ್ಗಿನಲ್ಲಿ ಒಂದು ಕಚೇರಿಯನ್ನು ತೆರೆದವು. ಅಲ್ಲಿಗೆ ಕೆಲಸಕ್ಕೆ ಬಂದ ನಾನಾ ದೇಶದ ನೌಕರರಿಗೆ ಎದುರಾದುದು, ಮಕ್ಕಳನ್ನು ಯಾವ ಭಾಷೆಯಲ್ಲಿ ಓದಿಸಬೇಕೆಂಬ, ಊರು ಬಿಟ್ಟ ಸಂಸಾರಗಳಿಗೆಲ್ಲ ಬರುವ ಚಿಂತೆ. ತಾಯಿತಂದೆಗಳೇ ಮುಂದಾಗಿ 1953ರಲ್ಲಿ ಒಂದು ಶಾಲೆಯನ್ನು ಆರಂಭಿಸಿದರು. ಆರು ಸರ್ಕಾರಗಳೂ ಅದಕ್ಕೆ ಕೈಗೂಡಿಸಿದವು; 1957ರಲ್ಲಿ ಅದಕ್ಕೆ ಶಾಸನ ದೊರೆಯಿತು; 1959ರಲ್ಲಿ ಮೊದಲನೆಯ ತಂಡ ಕೊನೆಯ ಪರೀಕ್ಷೆಯನ್ನು ಮುಗಿಸಿತು. ಇಂದು ‘ಯೂರೋಪಿಯನ್ ಸ್ಕೂಲು’ಗಳೆಂಬ ಹೆಸರಿನಲ್ಲಿ ಇಂತಹ ಶಾಲೆಗಳು ಹಲವು ದೇಶಗಳಲ್ಲಿವೆ. ಇವುಗಳ ಕ್ರಮದಲ್ಲಿ ಒಂದು ಸ್ವಾರಸ್ಯವುಂಟು. ಮಗು ಮೊದಲು ತಾಯ್ನುಡಿಯಲ್ಲಿ ಭದ್ರವಾಗಿ ಓದುತ್ತದೆ. ಪ್ರೌಢ ತರಗತಿಗಳಿಗೆ ಬಂದ ಮೇಲೆ ಚರಿತ್ರೆಯನ್ನೂ ಭೂಗೋಳವನ್ನೂ ತನ್ನದಲ್ಲದ ಎರಡನೆಯ ಭಾಷೆಯಲ್ಲಿ, ಬೇರೆ ಬೇರೆ ದೇಶದ ಮಕ್ಕಳೊಡನೆ ಕುಳಿತು ಕಲಿಯುತ್ತದೆ. ಒಂದು ಯುದ್ಧದ ಪಾಠ ನಡೆಯುವಾಗ, ಗೆದ್ದವರ ಮೊಮ್ಮಕ್ಕಳೂ ಸೋತವರ ಮೊಮ್ಮಕ್ಕಳೂ ಒಂದೇ ಬೆಂಚಿನ ಮೇಲಿದ್ದರೆ, ಉಪಾಧ್ಯಾಯರು ಮಾತನ್ನು ಎಷ್ಟು ತೂಗಿ ಆಡಬೇಕಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಆದರೆ ನೌಕರರ ಮಕ್ಕಳಿಗಾಗಿ ಹುಟ್ಟಿದ ಕೆಲವು ಶಾಲೆಗಳಿಂದ ಒಂದು ಖಂಡದ ಮನಸ್ಸು ಬದಲಾಗಲಾರದು. ಸಾಮಾನ್ಯ ಊರಿನ ಸಾಮಾನ್ಯ ಹೈಸ್ಕೂಲಿಗೆ ಈ ಗಾಳಿ ಬೀಸುವ ಬಗೆ ಹೇಗೆ? 1963ರ ಜನವರಿಯಲ್ಲಿ ಫ್ರಾನ್ಸಿನ ದ ಗಾಲ್ ಅವರೂ ಜರ್ಮನಿಯ ಆಡೆನಾವರ್ ಅವರೂ ಸ್ನೇಹದ ಒಪ್ಪಂದಕ್ಕೆ ರುಜು ಹಾಕಿದರು. ಅದೇ ವರ್ಷ ಎರಡೂ ದೇಶಗಳ ತರುಣರಿಗಾಗಿ ಒಂದು ಜಂಟಿ ಕಾರ್ಯಾಲಯವು ಏರ್ಪಟ್ಟಿತು. ಇದರ ಮೂಲಕ ಹೋಗಿ ಬಂದವರ ಸಂಖ್ಯೆ ಇಂದು 90 ಲಕ್ಷವನ್ನು ಮೀರಿದೆ. ಶಾಲೆಗಳು ಜೊತೆಗೂಡಿದಾಗ ನಡೆಯುವ ಕ್ರಮ ಬಹಳ ಸರಳವಾದುದು: ಈ ಊರಿನ ತರಗತಿ ಆ ಊರಿಗೆ ಹೋಗುತ್ತದೆ, ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಮನೆಯಲ್ಲಿ ಇಳಿಯುತ್ತಾನೆ, ಕೆಲವು ತಿಂಗಳ ತರುವಾಯ ಆ ಮನೆಯ ಹುಡುಗ ಈ ಮನೆಗೆ ಬರುತ್ತಾನೆ.

ಇಲ್ಲಿ ನಿಜವಾದ ಉಪಾಧ್ಯಾಯಿನಿ ಆ ಮನೆಯ ಗೃಹಿಣಿಯೇ ಎಂದು ನಮಗೆ ತೋರುತ್ತದೆ. ಪರಭಾಷೆಯ ಹುಡುಗನಿಗೆ ಉಪ್ಪು ಬೇಕೇ, ಹೊದಿಕೆ ಸಾಲದೇ, ಮನೆಯ ನೆನಪಾಗಿ ಕಣ್ಣು ತುಂಬಿದೆಯೇ ಎಂದು ನೋಡುವವಳು ಅವಳು. ವ್ಯಾಕರಣದ ಪುಸ್ತಕ ಕಲಿಸದ ಮಾತುಗಳನ್ನು ಅವಳ ಊಟದ ಮೇಜು ಕಲಿಸುತ್ತದೆ. ಒಬ್ಬ ತಾಯಿ ಉಣಿಸಿದ ದೇಶವನ್ನು ಹಗೆಯ ದೇಶವೆಂದು ಕರೆಯುವುದು ಅಷ್ಟು ಸುಲಭವಲ್ಲ.

ಇದರ ಫಲ ಪುಸ್ತಕದಲ್ಲಿಯೂ ಕಾಣಿಸಿತು. 2003ರಲ್ಲಿ ಎರಡೂ ದೇಶಗಳ ತರುಣರ ಸಭೆಯೊಂದು, ತಮಗೆ ಸಮಾನವಾದ ಒಂದು ಚರಿತ್ರೆಯ ಪುಸ್ತಕ ಬೇಕೆಂದು ಕೇಳಿತು. 2006ರಲ್ಲಿ ಅದರ ಮೊದಲನೆಯ ಸಂಪುಟ ಹೊರಬಂದಿತು. ವಿಷಯ ಒಂದೇ, ಭಾಷೆ ಮಾತ್ರ ಎರಡು.

ಐರೋಪ್ಯ ಒಕ್ಕೂಟವು 1995ರಲ್ಲಿ ಪಾಠಶಾಲೆಗಳ ಸಹಯೋಗಕ್ಕೆಂದು ಒಂದು ಯೋಜನೆಯನ್ನು ಆರಂಭಿಸಿ ಅದಕ್ಕೆ ಕೊಮೇನಿಯಸ್ ಎಂಬ ಹೆಸರನ್ನು ಇಟ್ಟಿತು. ಮೊರಾವಿಯದಲ್ಲಿ 1592ರಲ್ಲಿ ಹುಟ್ಟಿದ ಈ ಮಹನೀಯನು ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಮನೆಯನ್ನು ಕಳೆದುಕೊಂಡನು; ಹೆಂಡತಿ ಮಕ್ಕಳನ್ನು ಪಿಡುಗಿಗೆ ಒಪ್ಪಿಸಿದನು; ದೇಶಭ್ರಷ್ಟನಾಗಿ ಅಲೆದನು. ಆದರೂ 1658ರಲ್ಲಿ ಮಕ್ಕಳಿಗಾಗಿ ಚಿತ್ರಸಹಿತವಾದ ಪಾಠಪುಸ್ತಕವನ್ನು ಅಚ್ಚು ಮಾಡಿಸಿದನು. ಹೆಸರಿಗೆ ಇವನಿಗಿಂತ ಯೋಗ್ಯರು ದೊರೆಯುವುದು ಕಷ್ಟ. 2005ರಿಂದ, ಹಣವಿಲ್ಲದ ಶಾಲೆಯೂ ಇಂಟರ್‌ನೆಟ್ಟಿನ ಮೂಲಕ ಪರದೇಶದ ತರಗತಿಯೊಡನೆ ಕೂಡಿ ಕೆಲಸ ಮಾಡಲು ಅನುಕೂಲವಾಯಿತು. 2014ರಲ್ಲಿ ಕೊಮೇನಿಯಸ್ ಯೋಜನೆಯು ಎರಾಸ್ಮಸ್ ಪ್ಲಸ್ ಎಂಬ ದೊಡ್ಡ ಯೋಜನೆಯೊಳಗೆ ಸೇರಿತು.

ಇಷ್ಟೆಲ್ಲ ಸಿದ್ಧತೆ ಏತಕ್ಕೆ? 1992ರಲ್ಲಿ ಮಾಸ್ಟ್ರಿಕ್ಟ್ ಪಟ್ಟಣದಲ್ಲಿ ರುಜುವಾಗಿ ಮರುವರ್ಷ ಜಾರಿಗೆ ಬಂದ ಒಪ್ಪಂದದ ಪ್ರಕಾರ, ಒಕ್ಕೂಟದ ಯಾವ ದೇಶದ ಪ್ರಜೆಯೇ ಆಗಲಿ, ಜೊತೆಗೆ ಯೂರೋಪಿನ ಪೌರನೂ ಆಗಿರುತ್ತಾನೆ. ಅವನು ಬೇರೊಂದು ದೇಶದಲ್ಲಿ ನೆಲೆಸಿದರೆ ಅಲ್ಲಿಯ ಪುರಸಭೆಯ ಚುನಾವಣೆಯಲ್ಲಿಯೂ ಯೂರೋಪಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿಯೂ ಮತ ಕೊಡಬಹುದು. ಆ ಪಾರ್ಲಿಮೆಂಟಿನ ಪೀಠವಿರುವುದು, ನಾಲ್ಕು ಬಾರಿ ಕೈ ಬದಲಾಯಿಸಿದ ಅದೇ ಸ್ಟ್ರಾಸ್‌ಬರ್ಗಿನಲ್ಲಿ! 2024ರ ಚುನಾವಣೆಯಲ್ಲಿ ಜರ್ಮನಿ, ಬೆಲ್ಜಿಯಂ ಮೊದಲಾದ ಕೆಲವು ದೇಶಗಳಲ್ಲಿ 16 ವರ್ಷದವರಿಗೂ ಮತವಿತ್ತು. ಎಂದರೆ, ಪೌರಧರ್ಮದ ಪಾಠವನ್ನು ಬೆಳಿಗ್ಗೆ ಕಲಿತ ವಿದ್ಯಾರ್ಥಿಯೇ ಅದನ್ನು ಮತಪೆಟ್ಟಿಗೆಯ ಮುಂದೆ ನಿಂತು ಒಪ್ಪಿಸಬೇಕಾದ ಕಾಲ ಬಂದಿದೆ.

ಆಕ್ಷೇಪಣೆಗಳಿಲ್ಲವೆಂದಲ್ಲ. ಅತಿಥಿಗೆ ಬೇರೆ ಕೊಠಡಿಯಿಲ್ಲದ ಬಡ ಸಂಸಾರವು ಮಗನನ್ನು ಕಳುಹಿಸಲು ಹಿಂಜರಿಯುತ್ತದೆ. ನೆರವು ಇದ್ದರೂ ಸಂಕೋಚವು ಉಳಿಯುತ್ತದೆ. ಎರಡು ವಾರದ ಪ್ರವಾಸದಿಂದ ಪೂರ್ವಗ್ರಹ ಹೋಗದೆ, ಹೊಸದೊಂದು ಹುಟ್ಟುವುದೂ ಉಂಟು. ಪೌರತ್ವವೂ ಶಾಶ್ವತವಾದ ಆಸ್ತಿಯಲ್ಲ. 2020ರಲ್ಲಿ ಬ್ರಿಟನ್ನು ಒಕ್ಕೂಟವನ್ನು ಬಿಟ್ಟಾಗ, ಆ ದೇಶದ ಮಕ್ಕಳು ತಾವು ಹುಟ್ಟಿನಿಂದ ಪಡೆದಿದ್ದ ಯೂರೋಪಿನ ಪೌರತ್ವವನ್ನು, ಮತ ಕೊಡುವ ವಯಸ್ಸು ಬರುವ ಮೊದಲೇ ಕಳೆದುಕೊಂಡರು. ಹಿರಿಯರ ತೀರ್ಮಾನದ ಫಲವನ್ನು ಕಿರಿಯರು ಉಣ್ಣಬೇಕಾಯಿತು.

ಆದುದರಿಂದಲೇ ಈ ವಿದ್ಯೆಯನ್ನು ಒಂದು ತಲೆಮಾರಿಗೆ ಕಲಿಸಿ ಮುಗಿಸುವಂತಿಲ್ಲ. ಕಾಯಿದೆ ಕೊಟ್ಟದ್ದನ್ನು ಕಾಯಿದೆ ಹಿಂದಕ್ಕೆ ತೆಗೆದುಕೊಳ್ಳಬಹುದು; ನೆರೆನಾಡಿನ ಒಂದು ಮನೆಯ ಬಾಗಿಲು, ಅಲ್ಲಿಯ ತಾಯಿಯ ದನಿ, ಜೊತೆಗೆ ಕುಳಿತು ಓದಿದ ಗೆಳೆಯನ ಮುಖ, ಇವನ್ನು ಹಿಂದಕ್ಕೆ ತೆಗೆದುಕೊಳ್ಳುವ ಕಾಯಿದೆ ಇನ್ನೂ ಹುಟ್ಟಿಲ್ಲ. ಪರರ ಮಕ್ಕಳು ನಮ್ಮ ಹೊಸ್ತಿಲಿಗೆ ಬಂದು ನಿಂತಾಗ ಯಾವ ದೇಶದ ಗೃಹಸ್ಥರಾದರೂ ನೆನೆಯಬೇಕಾದ ಮಾತು ಇದು.